ಮೂರು ಚಳಿಗಾಲ ಊಬೆ ಲ್ಯಾಟೆ ಕುಡಿದ ಮೇಲೆ: ಎಸೆನ್ಸ್ ಬಿಟ್ಟೆ, ಗೆಡ್ಡೆ ಉಳಿಸಿಕೊಂಡೆ

ಮೊದಲೇ ಹೇಳಿಬಿಡುತ್ತೇನೆ. ಊಬೆ ಲ್ಯಾಟೆಗೆ, ಅಂದರೆ ನೇರಳೆ ಗೆಡ್ಡೆ ಬೆರೆಸಿದ ಹಾಲು ಕಾಫಿಗೆ ಅಂತ ಐದು ಬಗೆಯ ಸಾಮಾನು ತಂದು, ಮೂರು ಚಳಿಗಾಲ ಬಳಸಿ ನೋಡಿದ್ದೇನೆ. ಈಗಲೂ ತಪ್ಪದೆ ತರುವುದು ಒಂದನ್ನೇ, ತುರಿದು ಫ್ರೀಜ್ ಮಾಡಿದ ಗೆಡ್ಡೆಯ ಪ್ಯಾಕೆಟ್. ಪುಡಿಗೋ ಎಸೆನ್ಸಿಗೋ ದುಡ್ಡು ಹಾಕುವ ಮುಂಚೆ ಯಾರಾದರೂ ಇದನ್ನು ಓದಲಿ ಅಂತ ಬರೆಯುತ್ತಿದ್ದೇನೆ.

ನಾನಿರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಊಬೆ ಅಂದರೆ ಫಿಲಿಪ್ಪೀನ್ಸಿನ ನೇರಳೆ ಗೆಡ್ಡೆ. ಅಲ್ಲಿಯವರು ಅದರಿಂದ ಹಲ್ವದಂಥ ಸಿಹಿ ಮಾಡುತ್ತಾರೆ, ಐಸ್‌ಕ್ರೀಮ್ ಮಾಡುತ್ತಾರೆ, ಕೇಕಿಗೆ ಹಾಕುತ್ತಾರೆ. ಅವರಿಗೆ ಇದು ಮನೆಯ ರುಚಿ. ಅಮೆರಿಕದ ದೊಡ್ಡ ಅಂಗಡಿಗಳಿಗೆ ಬಂದದ್ದು ತಡವಾಗಿ. 2019ರಲ್ಲಿ ಟ್ರೇಡರ್ ಜೋಸ್ ಊಬೆ ಐಸ್‌ಕ್ರೀಮ್ ತಂದಿತು. ನಾನು ಇಲ್ಲಿಗೆ ಬರುವ ಹೊತ್ತಿಗೆ ಎಷ್ಟೋ ಕೆಫೆಗಳ ಬೋರ್ಡಿನ ಮೇಲೆ ಊಬೆ ಲ್ಯಾಟೆ ಇತ್ತು.

ನನ್ನ ಮೊದಲ ಲೋಟ ಮ್ಯಾನ್‌ಹಟನ್‌ನ ಒಂದು ಕೆಫೆಯದು. ಟಿಪ್ ಸೇರಿ 9 ಡಾಲರ್ ಕೊಟ್ಟೆ. ಜಂಬುನೇರಳೆ ತಿಂದ ನಾಲಿಗೆಯಂಥ ಬಣ್ಣ. ಕುಡಿದರೆ ಬರೀ ವೆನಿಲಾ ಸಿರಪ್. ಗೆಡ್ಡೆಯ ರುಚಿ ಒಂದು ಚೂರೂ ಇಲ್ಲ. ಇನ್ನೊಂದು ಕಡೆ ಕೊಟ್ಟದ್ದು ಟಾರೋ, ಅಂದರೆ ನಮ್ಮ ಕೆಸುವಿನ ಗೆಡ್ಡೆ. ಕೇಳಿದರೆ ಎರಡೂ ಒಂದೇ ಅಂದರು. ಒಂದೇ ಅಲ್ಲ. ಕೆಸುವಿನ ಗೆಡ್ಡೆಯ ಒಳಗೆ ಬಿಳಿ, ನಡುವೆ ಸಣ್ಣ ನೇರಳೆ ಚುಕ್ಕೆ. ಬೇಯಿಸಿ ಅರೆದರೆ ಬೂದು ಬಣ್ಣ ಬರುತ್ತದೆ. ಟಾರೋ ಪಾನೀಯ ಗಾಢ ನೇರಳೆಯಾಗಿದ್ದರೆ ಅದಕ್ಕೆ ಬೇರೆ ಬಣ್ಣ ಸೇರಿಸಿದ್ದಾರೆ ಅಂತಲೇ. ನೇರಳೆ ಸಿಹಿಗೆಣಸು ಮತ್ತೊಂದು. ಊಬೆ ಈ ಎರಡೂ ಅಲ್ಲ.

ಸರಿಯಾದ ರುಚಿ ಸಿಕ್ಕಿದ್ದು ಕ್ವೀನ್ಸ್‌ನದೇ ಬಡಾವಣೆ ವುಡ್‌ಸೈಡಿನಲ್ಲಿ. 7ನೇ ನಂಬರ್ ರೈಲಿನಲ್ಲಿ 69ನೇ ಸ್ಟ್ರೀಟ್ ಸ್ಟೇಷನ್ನಿಗೆ ಇಳಿದು ಮೆಟ್ಟಿಲಿಳಿದರೆ ರೂಸ್‌ವೆಲ್ಟ್ ಅವೆನ್ಯೂ. ರೈಲು ತಲೆಯ ಮೇಲೆ ಗಡಗಡ ಅಂತಿರುತ್ತದೆ, ಕೆಳಗೆ ಸಾಲಾಗಿ ಫಿಲಿಪ್ಪೀನ್ಸಿನವರ ಅಂಗಡಿ, ಬೇಕರಿ, ಊಟದ ಮನೆ. 70ನೇ ಸ್ಟ್ರೀಟಿನ ಮೂಲೆಗೆ 2022ರಲ್ಲಿ ಲಿಟಲ್ ಮನಿಲಾ ಅವೆನ್ಯೂ ಅಂತ ಹೆಸರನ್ನೂ ಇಟ್ಟಿದ್ದಾರೆ. ಅಲ್ಲೊಂದು ಸಣ್ಣ ಬೇಕರಿ. ಗಲ್ಲಾದಲ್ಲಿ ಕೂರುವ ಹೆಂಗಸನ್ನು ಎಲ್ಲರೂ ಆತೆ ಅನ್ನುತ್ತಾರೆ. ಅವರ ಭಾಷೆಯಲ್ಲಿ ಹಾಗೆಂದರೆ ಅಕ್ಕ. ನಾನೂ ಹಾಗೇ ಕರೆಯುತ್ತೇನೆ.

ಅವರು ಕೊಟ್ಟ ಲ್ಯಾಟೆ ಅಷ್ಟೇನೂ ನೇರಳೆಯಾಗಿರಲಿಲ್ಲ. ಕಲಕಿದ ಮೇಲಂತೂ ಮಣ್ಣು ಬೆರೆತಂಥ ಮಂದ ಬಣ್ಣಕ್ಕೆ ತಿರುಗಿತು. ಆದರೆ ಮೊದಲ ಗುಟುಕಿಗೇ ಗೊತ್ತಾಯಿತು. ತೆಂಗಿನಹಾಲಿನ ನಯ, ಬೇಯಿಸಿದ ಹಲಸಿನ ಬೀಜದಂಥ ಪರಿಮಳ, ಹಿಂದಿನಿಂದ ಕಾಫಿಯ ಕಹಿ. ಲೋಟದ ತಳದಲ್ಲಿ ಸಣ್ಣಗೆ ಗೆಡ್ಡೆಯ ತರಿ ಉಳಿದಿತ್ತು. ಹೇಗೆ ಮಾಡುತ್ತೀರಿ ಅಂತ ಕೇಳಿದ್ದಕ್ಕೆ ಆತೆ ಹೇಳಿದ್ದು ಇಷ್ಟೇ: ಸಿರಪ್ ತಗೋಬೇಡ, ಹಲಾಯ ಮಾಡಿಕೋ.

ಹಲಾಯ ಅಂದರೆ ಊಬೆಯನ್ನು ಹಾಲು, ಸಕ್ಕರೆ, ಬೆಣ್ಣೆ ಹಾಕಿ ಕಾಯಿಸಿದ ಸಿಹಿ. ಹೆಸರು ಕೇಳಿ ನಾನು ನಮ್ಮ ಹಲ್ವದ ನೆಂಟ ಅಂದುಕೊಂಡಿದ್ದೆ. ಅಲ್ಲ, ಜೆಲ್ಲಿ ಅನ್ನುವುದಕ್ಕಿರುವ ಸ್ಪ್ಯಾನಿಷ್ ಮಾತಿನಿಂದ ಬಂದದ್ದು. ಮಾಡುವ ರೀತಿ ಮಾತ್ರ ಥೇಟ್ ಹಲ್ವದ್ದೇ. ತೋಳು ನೋಯುವವರೆಗೆ ಸೌಟು ತಿರುಗಿಸಬೇಕು.

ಈಗ ಸಾಮಾನಿನ ವಿಷಯ.

ಎಸೆನ್ಸ್ ಮೊದಲು ತಂದೆ. ಸಣ್ಣ ಬಾಟಲಿ, ಅಗ್ಗ. ನಾಲ್ಕು ಹನಿ ಹಾಕಿದರೆ ಹಾಲೆಲ್ಲ ನೇರಳೆ. ಫೋಟೋ ಚೆನ್ನಾಗಿ ಬರುತ್ತದೆ. ರುಚಿ ಮಾತ್ರ ಮೇಲೆ ಮೇಲೆ ತೇಲುತ್ತದೆ, ಕಾಫಿ ಬಿದ್ದ ಕೂಡಲೇ ಸೆಂಟಿನ ಹಾಗೆ ಮೂಗಿಗೆ ಬಡಿಯುತ್ತದೆ. ಕೇಕಿಗೆ ಸರಿ, ಲ್ಯಾಟೆಗೆ ಬೇಡ. ಒಗೆದರೂ ಹೋಗದ ಕಲೆ ಇವತ್ತಿಗೂ ನನ್ನ ಎರಡು ಒರೆಸುವ ಬಟ್ಟೆಗಳಲ್ಲಿದೆ. ಪುಡಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ದುಬಾರಿ, ಎಷ್ಟು ಕಲಕಿದರೂ ಗಂಟು ಉಳಿಯುತ್ತದೆ, ನಾನು ತಂದದ್ದರಲ್ಲಿ ಪರಿಮಳ ಇರಲಿಲ್ಲ.

ಬಾಟಲಿಯ ಹಲಾಯ ಪರವಾಗಿಲ್ಲ. ಮನೆಯಲ್ಲಿ ಒಂದು ಬಾಟಲಿ ಇದ್ದರೆ ನೆಂಟರು ಬಂದಾಗ ಐದು ನಿಮಿಷದಲ್ಲಿ ಲ್ಯಾಟೆ ಆಗುತ್ತದೆ. ಕೊಳ್ಳುವಾಗ ಲೇಬಲ್ ಓದಿ. ಮೊದಲ ಸಾಲಿನಲ್ಲೇ ಊಬೆ ಇದ್ದರೆ ತಗೊಳ್ಳಿ, ಸಕ್ಕರೆ ಮೊದಲು ಬಂದು ಊಬೆ ಕೊನೆಯಲ್ಲಿದ್ದರೆ ಇಡಿ.

ಗೆಲ್ಲುವುದು ಫ್ರೋಜನ್ ತುರಿ. 454 ಗ್ರಾಮಿನ ಪ್ಯಾಕೆಟ್, ನಾನು ತರುವ ಅಂಗಡಿಯಲ್ಲಿ 5 ಡಾಲರಿನ ಆಸುಪಾಸು. ಇಟ್ಟಿಗೆಯ ಹಾಗೆ ಗಟ್ಟಿಯಾಗಿರುತ್ತದೆ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿಟ್ಟರೆ ಬೆಳಿಗ್ಗೆಗೆ ಸಡಿಲವಾಗುತ್ತದೆ. ಒಂದು ಎಚ್ಚರಿಕೆ. ಮೊದಲ ಸಲ ನಾನು ಕರಗಿದ ತುರಿಯನ್ನು ಬೇಯಿಸದೆ ಹಾಲಿನ ಜೊತೆ ಮಿಕ್ಸಿಗೆ ಹಾಕಿ ಕುಡಿದೆ. ಗಂಟಲು ಸಂಜೆಯವರೆಗೂ ತುರಿಸಿತು. ಇದು ಗೆಡ್ಡೆ, ಚೆನ್ನಾಗಿ ಬೇಯಲೇಬೇಕು.

ಈ ಪ್ಯಾಕೆಟ್ಟಿನ ಚಿತ್ರವನ್ನೇ ಅಮ್ಮನಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದ್ದು. ಅಮ್ಮ ಕನ್ನಡಕ ಹಾಕಿಕೊಂಡು ನೋಡಿ, "ಅದು ನಮ್ಮ ತೂಣಗೆಣಸಲ್ವಾ? ಕಾಫಿಗೆ ಗೆಣಸು ಹಾಕುವುದುಂಟಾ ಮಾರಾಯ್ತಿ!" ಅಂದಳು. ನನಗೆ ನಂಬಿಕೆ ಬರಲಿಲ್ಲ. ಹುಡುಕಿ ಓದಿದೆ. ಅಮ್ಮ ಹೇಳಿದ್ದೇ ಸರಿ. ಪುತ್ತೂರಿನ ನಮ್ಮ ತೋಟದಲ್ಲಿ ಹಲಸಿನ ಮರಕ್ಕೆ ಹಬ್ಬುವ ತೂಣಗೆಣಸು, ಕೆಲವರು ಹೆಗ್ಗೆಣಸು ಅನ್ನುವುದು, ಜೋಯಿಡಾ ಕಡೆಯ ಕೋನ, ಗುಜರಾತಿನವರು ಸಂಕ್ರಾಂತಿಗೆ ಮಾಡುವ ಉಂಧಿಯು ಅನ್ನುವ ತರಕಾರಿ ಪಲ್ಯಕ್ಕೆ ಹಾಕುವ ರತಾಳು, ಮನಿಲಾದ ಊಬೆ, ಎಲ್ಲ ಒಂದೇ ಜಾತಿಯ ಗೆಡ್ಡೆ. ತಳಿ ಬೇರೆ ಬೇರೆ ಅಷ್ಟೆ. ಕೆಲವಕ್ಕೆ ಒಳಗೆಲ್ಲ ನೇರಳೆ, ಕೆಲವಕ್ಕೆ ಸಿಪ್ಪೆಯ ಕೆಳಗೆ ಮಾತ್ರ, ಕೆಲವು ಪೂರ್ತಿ ಬಿಳಿ.

ಆ ದಿನದಿಂದ ಈ ಲ್ಯಾಟೆ ನನಗೆ ಬೇರೆಯದೇ ಆಗಿಬಿಟ್ಟಿತು. 69ನೇ ಸ್ಟ್ರೀಟಿನಿಂದ ರೈಲಿನಲ್ಲಿ ಮುಂದಿನ ಸ್ಟೇಷನ್ 74ನೇ ಸ್ಟ್ರೀಟ್, ಜಾಕ್ಸನ್ ಹೈಟ್ಸ್. ಅಲ್ಲಿ ನಮ್ಮವರ ದಿನಸಿ ಅಂಗಡಿಗಳಿವೆ. ಫ್ರೀಜರಿನ ಮುಂದೆ ನೂರು ಸಲ ನಿಂತಿದ್ದೇನೆ, ಬೆಂಡೆಕಾಯಿ, ನುಗ್ಗೆಕಾಯಿ ತಂದಿದ್ದೇನೆ. ರತಾಳು ಅಂತ ಬರೆದ ನೇರಳೆ ಹೋಳುಗಳ ಪ್ಯಾಕೆಟ್ ಪಕ್ಕದಲ್ಲೇ ಇತ್ತು, ಕಣ್ಣಿಗೆ ಬಿದ್ದಿರಲಿಲ್ಲ. ಅದನ್ನೂ ತಂದು ಕುಕ್ಕರಿನಲ್ಲಿ ಮೂರು ಕೂಗು ಕೂಗಿಸಿ, ಅರೆದು ಹಲಾಯ ಮಾಡಿದೆ. ಬಣ್ಣ ಚೆನ್ನಾಗಿದೆ, ಪರಿಮಳ ಊಬೆಯಷ್ಟಿಲ್ಲ. ಫಿಲಿಪ್ಪೀನ್ಸಿನ ಅಂಗಡಿ ದೂರವಿರುವವರಿಗೆ ಇದು ಒಳ್ಳೆಯ ದಾರಿ.

ನಾನು ಮಾಡುವ ಹಲಾಯ ಹೀಗೆ. ಒಂದು ಪ್ಯಾಕೆಟ್ ತುರಿ, ಒಂದು ಡಬ್ಬಿ ತೆಂಗಿನಹಾಲು, ಅರ್ಧ ಡಬ್ಬಿ ಕಂಡೆನ್ಸ್ಡ್ ಮಿಲ್ಕ್, ಎರಡು ಚಮಚ ತುಪ್ಪ, ಚಿಟಿಕೆ ಉಪ್ಪು. ಫಿಲಿಪ್ಪೀನ್ಸಿನವರ ಮನೆಗಳಲ್ಲಿ ಬೆಣ್ಣೆ ಹಾಕುತ್ತಾರೆ, ಕಂಡೆನ್ಸ್ಡ್ ಮಿಲ್ಕ್ ಜಾಸ್ತಿ ಹಾಕುತ್ತಾರೆ. ಲ್ಯಾಟೆಗೆ ಅಷ್ಟು ಸಿಹಿ ಬೇಡ. ದಪ್ಪ ತಳದ ಬಾಣಲೆಯಲ್ಲಿ ತೆಂಗಿನಹಾಲು ಬಿಸಿಯಾದ ಮೇಲೆ ತುರಿ ಹಾಕಿ ಸಣ್ಣ ಉರಿಯಲ್ಲಿ ಕಲಕುತ್ತಾ ಇರಬೇಕು. ಹತ್ತು ನಿಮಿಷಕ್ಕೆ ಗಂಜಿಯಂತೆ ಗುಳುಗುಳು ಅನ್ನುತ್ತದೆ. ಆಗ ಕೈಗೆ ಹಾರುತ್ತದೆ, ಉದ್ದ ಹಿಡಿಯ ಸೌಟು ಇರಲಿ. ಇಪ್ಪತ್ತು ನಿಮಿಷಕ್ಕೆ ಬಣ್ಣ ಗಾಢವಾಗುತ್ತದೆ. ಕಂಡೆನ್ಸ್ಡ್ ಮಿಲ್ಕ್ ಹಾಕುವುದು ಆಗಲೇ. ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಸೌಟು ಎಳೆದರೆ ಬಾಣಲೆಯ ತಳ ಕಾಣಿಸಿ, ಮೆಲ್ಲಗೆ ಮತ್ತೆ ಕೂಡಿಕೊಳ್ಳಬೇಕು. ಅಲ್ಲಿಗೆ ನಿಲ್ಲಿಸಿ. ಹಲ್ವದ ಹದಕ್ಕೆ ಹೋದರೆ ಹಾಲಿನಲ್ಲಿ ಕರಗುವುದಿಲ್ಲ. ಒಟ್ಟು 35 ನಿಮಿಷ ಹಿಡಿಯುತ್ತದೆ. ಆರಿದ ಮೇಲೆ ಐಸ್ ಟ್ರೇಯಲ್ಲಿ ತುಂಬಿ ಫ್ರೀಜರಿಗೆ. ವಾರಕ್ಕೆ ಬೇಕಾದಷ್ಟು ಮಾತ್ರ ಕೆಳಗೆ ಇಳಿಸಿಕೊಳ್ಳುತ್ತೇನೆ.

ಬೆಳಿಗ್ಗೆ ಒಂದು ಲೋಟಕ್ಕೆ ಎರಡು ತುಂಡು. ಸ್ವಲ್ಪ ಬಿಸಿ ಹಾಲಿನಲ್ಲಿ ಕದಡಿ, ಟೀ ಸೋಸುವ ಜಾಲರಿಯಲ್ಲಿ ಸೋಸಿ, ಆಮೇಲೆ 180 ಮಿಲಿ ಹಾಲು ಸೇರಿಸಿ ನೊರೆ ಬರುವ ಹಾಗೆ ಎತ್ತಿ ಹೊಯ್ಯುತ್ತೇನೆ. ಗೆಡ್ಡೆಯ ಪಿಷ್ಟದಿಂದ ಹಾಲು ದಪ್ಪವಾಗುತ್ತದೆ, ನೊರೆ ಕೂತುಬಿಡುವುದಿಲ್ಲ. ಕೊನೆಗೆ ಕಾಫಿ.

ಕಾಫಿಯ ವಿಷಯದಲ್ಲಿ ನಾನು ಒಂದು ಚಳಿಗಾಲ ಪೂರ್ತಿ ತಪ್ಪು ಮಾಡಿದೆ. ಊರಿಂದ ತಂದ ಚಿಕೋರಿ ಬೆರೆಸಿದ ಪುಡಿಯ ಡಿಕಾಕ್ಷನ್ ಹಾಕುತ್ತಿದ್ದೆ. ಆ ಡಿಕಾಕ್ಷನ್ ನನಗೆ ಪ್ರಾಣ, ಆದರೆ ಊಬೆಯನ್ನು ಅದು ನುಂಗಿಹಾಕುತ್ತದೆ. ಈಗ ಚಿಕೋರಿ ಇಲ್ಲದ, ಮಧ್ಯಮ ಹುರಿದ ಪುಡಿ ತಂದು ಅದೇ ಫಿಲ್ಟರಿನಲ್ಲಿ ಇಳಿಸುತ್ತೇನೆ. 40 ಮಿಲಿ ಸಾಕು. ತೀರಾ ಕಡಿಮೆ ಹುರಿದ ಪುಡಿಯೂ ಬೇಡ. ಅದರಲ್ಲಿ ಹುಳಿ ಜಾಸ್ತಿ, ತೆಂಗಿನಹಾಲು ಒಡೆದು ಮೇಲೆ ಎಣ್ಣೆ ತೇಲುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಎಲ್ಲರೂ ಕೇಳುವುದೇ ಅದನ್ನು. ನಿಮ್ಮದು ಯಾಕೆ ಕೆಫೆಯಂತೆ ಹೊಳೆಯುವುದಿಲ್ಲ ಅಂತ. ಗೆಡ್ಡೆಯ ನೇರಳೆ ಆಂಥೋಸಯಾನಿನ್‌ನಿಂದ ಬರುವುದು, ನೇರಳೆ ಹಣ್ಣಿನಲ್ಲಿ, ಕೆಂಪು ಕೋಸಿನಲ್ಲಿ ಇರುವಂಥದ್ದೇ. ಹುಳಿ, ಕ್ಷಾರ ತಗುಲಿದರೆ ಬಣ್ಣ ಬದಲಾಗುತ್ತದೆ. ಒಂದು ಭಾನುವಾರ ಮೂರು ಸ್ಟೀಲ್ ಬಟ್ಟಲಲ್ಲಿ ಬೇಯಿಸಿದ ಊಬೆಯ ನೀರು ಇಟ್ಟೆ. ಒಂದಕ್ಕೆ ನಿಂಬೆರಸ ಹಿಂಡಿದೆ, ಗುಲಾಬಿಗೆ ತಿರುಗಿತು. ಇನ್ನೊಂದಕ್ಕೆ ಅಡುಗೆ ಸೋಡಾ ಚಿಟಿಕೆ ಹಾಕಿದೆ, ಕಣ್ಣೆದುರೇ ನೀಲಿಯಾಗಿ, ಆಮೇಲೆ ಹಸಿರಾಯಿತು. ಮೂರನೆಯದು ಇದ್ದ ಹಾಗೇ ಇತ್ತು. ಎಸೆನ್ಸ್ ಹಾಕಿದ ನೀರಿಗೂ ಹಾಗೇ ಮಾಡಿದೆ. ಬಣ್ಣ ಕದಲಲೇ ಇಲ್ಲ. ಅಂದಿನಿಂದ ನಾನು ಕೆಫೆಯಲ್ಲಿ ನೋಡುವುದು ಇದನ್ನೇ. ಕಾಫಿ ಪೂರ್ತಿ ಬೆರೆತ ಮೇಲೂ ಲೋಟ ಮಿಂಚುವ ನೇರಳೆಯಾಗಿದ್ದರೆ ಅದು ಗೆಡ್ಡೆಯ ಬಣ್ಣ ಮಾತ್ರ ಆಗಿರುವುದಿಲ್ಲ. ಪದರ ಪದರವಾಗಿ ನೋಡಲು ಆಸೆಯಿದ್ದರೆ ತಣ್ಣಗೆ ಮಾಡಿ. ಕೆಳಗೆ ಊಬೆ ಹಾಲು, ಮೇಲೆ ಐಸ್, ಚಮಚದ ಬೆನ್ನಿನ ಮೇಲೆ ಮೆಲ್ಲಗೆ ಡಿಕಾಕ್ಷನ್. ಕಲಕುವವರೆಗೂ ನೇರಳೆ ನೇರಳೆಯಾಗಿಯೇ ಇರುತ್ತದೆ.

ಫಿಲಿಪ್ಪೀನ್ಸಿನ ಬೊಹೊಲ್ ದ್ವೀಪದಲ್ಲಿ ಊಬೆ ಕೈಜಾರಿ ನೆಲಕ್ಕೆ ಬಿದ್ದರೆ ಎತ್ತಿ ಮುತ್ತು ಕೊಡುವ ರೂಢಿಯಿದೆ. ಆತೆ ಇದನ್ನು ಹೇಳಿದಾಗ ನಾನು, ನಮ್ಮಲ್ಲಿ ಅನ್ನಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ ಅಂದೆ. ಅವರು ನನ್ನ ಕೈ ಹಿಡಿದು ಸ್ವಲ್ಪ ಹೊತ್ತು ಬಿಡಲೇ ಇಲ್ಲ.

ಕಳೆದ ಜನವರಿಯಲ್ಲಿ ಊರಿಗೆ ಹೋಗಿದ್ದೆ. ಬಳ್ಳಿ ಒಣಗಿ ಹಗ್ಗದಂತೆ ಮರಕ್ಕೆ ನೇತಾಡುತ್ತಿತ್ತು. ಮುಟ್ಟಿ ನೋಡಿದೆ. ಕಾಂಡ ದುಂಡಗಿಲ್ಲ, ನಾಲ್ಕು ಮೂಲೆ, ಮೂಲೆಗೊಂದು ತೆಳ್ಳನೆಯ ರೆಕ್ಕೆ. ಚಿಕ್ಕಂದಿನಿಂದ ನೋಡಿಯೂ ಗಮನಿಸಿರಲಿಲ್ಲ. ಅಮ್ಮ ಹಾರೆ ಹಾಕಿ ಸುತ್ತ ಮಣ್ಣು ಬಿಡಿಸಿ ಎತ್ತಿದ ಗೆಡ್ಡೆ ಐದು ಕಿಲೋ ಇದ್ದೀತು. ಸಿಪ್ಪೆ ತೆಗೆಯುವಾಗ ಕೈಗೆ ತೆಂಗಿನೆಣ್ಣೆ ಸವರಿಕೊಂಡೆವು. ಒಳಗೆ ಲೋಳೆ ಲೋಳೆ. ಸಿಪ್ಪೆಯಡಿಯಲ್ಲಿ ನೇರಳೆ ಗೆರೆ, ಮಧ್ಯೆ ಬಿಳಿ. ಹೊಸ ತೆಂಗಿನಕಾಯಿ ಹಾಲಿನಲ್ಲಿ ಕಾಯಿಸಿದಾಗ ಬಣ್ಣ ಹೆಚ್ಚೇನೂ ಬರಲಿಲ್ಲ, ಬೂದುಬಣ್ಣದ ಮೇಲೆ ಸ್ವಲ್ಪ ಗುಲಾಬಿ. ಪರಿಮಳ ಮಾತ್ರ ಮನೆಯಿಡೀ. ಕ್ವೀನ್ಸ್‌ನಲ್ಲಿ ಮೂರು ವರ್ಷ ನಾನು ಮಾಡಿದ ಯಾವ ಲೋಟಕ್ಕೂ ಆ ರುಚಿ ಇರಲಿಲ್ಲ.

ಕರ್ನಾಟಕದಲ್ಲಿರುವವರು ಹಾಗಾಗಿ ಫ್ರೋಜನ್ ಪ್ಯಾಕೆಟ್ ಹುಡುಕಿ ಒದ್ದಾಡಬೇಕಿಲ್ಲ. ಚಳಿಗಾಲದಲ್ಲಿ ಗೆಡ್ಡೆ ಗೆಣಸು ಮೇಳಗಳು ನಡೆಯುತ್ತವೆ. ಜೋಯಿಡಾದಲ್ಲಿ ಕುಣಬಿ ಜನ ತಾವೇ ಬೆಳೆದದ್ದನ್ನು ತಂದು ಇಡುತ್ತಾರೆ. ಒಳಗೆ ನೇರಳೆ ಇರುವುದು ಬೇಕು ಅಂತ ಕೇಳಿ, ಒಂದು ತುಂಡು ಕತ್ತರಿಸಿ ತೋರಿಸಲು ಹೇಳಿ.

ಅಮ್ಮ ನನ್ನ ಲ್ಯಾಟೆ ಎರಡು ಗುಟುಕು ಕುಡಿದು, ಕಾಫಿ ಬೇಡ, ಬೆಲ್ಲ ಹಾಕಿ ಕೊಡು ಅಂದಳು. ಹಾಗೇ ಮಾಡಿಕೊಟ್ಟೆ. ಹಾಲು ಒಲೆಯಿಂದ ಇಳಿಸಿದ ಮೇಲೆ ಬೆಲ್ಲ ಹಾಕಬೇಕು, ಕುದಿಯುವಾಗ ಹಾಕಿದರೆ ಒಡೆಯುತ್ತದೆ. ಲೋಟ ಖಾಲಿ ಮಾಡಿ, ಗೆಡ್ಡೆಯ ತಲೆಭಾಗವನ್ನು ಕತ್ತರಿಸಿ ಬೂದಿ ಹಚ್ಚಿ ಅಟ್ಟದಲ್ಲಿಟ್ಟಳು. ಮಳೆಗಾಲಕ್ಕೆ ಮುಂಚೆ ನಡುವುದಕ್ಕೆ. ನಿನ್ನೆ ಫೋನಿನಲ್ಲಿ, ಒಳಗೆಲ್ಲ ನೇರಳೆ ಇರುವ ತಳಿಯನ್ನೂ ನೆರೆಮನೆಯಿಂದ ತಂದಿಟ್ಟಿದ್ದೇನೆ ಅಂದಳು.