ಒದ್ದೆ ಡಬ್ಬಿಯೋ ಬಿಸಿನೀರಿನ ಸೂಜಿಯೋ: ಚಿಟ್ಟೆಯ ರೆಕ್ಕೆ ಬಿಡಿಸುವ ಬಗೆಗಳು

ಸತ್ತ ಚಿಟ್ಟೆ ಬಹುಬೇಗ ಸೆಟೆದುಕೊಳ್ಳುತ್ತದೆ. ಆಮೇಲೆ ರೆಕ್ಕೆ ಬಿಡಿಸಲು ಹೋದರೆ ಬುಡದಲ್ಲೇ ಮುರಿದು ಕೈಗೆ ಬರುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ರೆಕ್ಕೆ ಹರಡಿ ಕೂರಿಸಬೇಕೆಂದರೆ ಮೊದಲು ಅದನ್ನು ಮೆದುಮಾಡಿಕೊಳ್ಳಬೇಕು. ಅದಕ್ಕೆ ದಾರಿ ಎರಡು: ಒದ್ದೆ ಡಬ್ಬಿಯಲ್ಲಿ ಇಡುವುದು, ಇಲ್ಲವೇ ಎದೆಗೆ ಬಿಸಿನೀರು ಚುಚ್ಚುವುದು. ಹೆಚ್ಚಿನವರು ಹೇಳಿಕೊಡುವುದು ಮೊದಲನೆಯದನ್ನು. ಶಿರಸಿಯ ಮಳೆಗಾಲದಲ್ಲಿ ಎರಡನ್ನೂ ಮಾಡಿ ನೋಡಿದ ನನ್ನ ಮತ ಎರಡನೆಯದಕ್ಕೆ.

ಚಿಟ್ಟೆ ಎಲ್ಲಿಂದ ಬರುತ್ತದೆ ಎಂದು ಕೇಳುವವರಿದ್ದಾರೆ, ಕೇಳಲೇಬೇಕು. ಹಿತ್ತಲ ಕರಿಬೇವಿನ ಗಿಡದಲ್ಲಿ ಬೆಳೆದು ಆಯುಸ್ಸು ಮುಗಿಸಿ ಬಿದ್ದ ಕಾಮನ್ ಮಾರ್ಮನ್, ಎಕ್ಕದ ಪೊದೆಯ ಬುಡದಲ್ಲಿ ಸಿಗುವ ಪ್ಲೇನ್ ಟೈಗರ್, ವಲಸೆಯ ಹೊತ್ತಿನಲ್ಲಿ ವಾಹನಗಳಿಗೆ ಬಡಿದು ರಸ್ತೆಬದಿಯಲ್ಲಿ ಬಿದ್ದ ಕಾಮನ್ ಎಮಿಗ್ರಂಟ್, ಇಷ್ಟೇ ನನ್ನ ಸರಕು. ಹಿಡಿದು ಕೊಲ್ಲುವುದಿಲ್ಲ, ಕಾಡಿನಿಂದ ಸತ್ತದ್ದನ್ನೂ ತರುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗಳಲ್ಲಿ ಹಲವು ಚಿಟ್ಟೆಗಳಿವೆ, 2022ರ ತಿದ್ದುಪಡಿಯಲ್ಲಿ ಆ ಪಟ್ಟಿಗಳೂ ಬದಲಾದವು. ಗುರುತು ಹಚ್ಚಲಾಗದ ಚಿಟ್ಟೆಯನ್ನು ಬಿದ್ದಲ್ಲೇ ಬಿಡುವುದು ಒಳ್ಳೆಯದು. ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಎಷ್ಟೇ ಆಸೆ ಹುಟ್ಟಿಸಿದರೂ ಅದನ್ನು ಮುಟ್ಟುವಂತಿಲ್ಲ.

ಒದ್ದೆ ಡಬ್ಬಿಗೆ ಖರ್ಚೇ ಇಲ್ಲ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಒದ್ದೆ ಮರಳು ಅಥವಾ ಸ್ಪಂಜು, ಅದರ ಮೇಲೊಂದು ಜಾಲರಿ, ಜಾಲರಿಯ ಮೇಲೆ ಚಿಟ್ಟೆ. ಸಣ್ಣದಕ್ಕೆ ಒಂದು ದಿನ, ದೊಡ್ಡದಕ್ಕೆ ಎರಡು ಮೂರು ದಿನ ಸಾಕು. ರೆಕ್ಕೆಯಿಂದ ಮೀಸೆಯವರೆಗೆ ಎಲ್ಲವೂ ಒಂದೇ ಸಮ ಮೆದುವಾಗುವುದು ಇದರ ದೊಡ್ಡ ಗುಣ. ಬೇಸಿಗೆಯಲ್ಲಿ ಇದರಷ್ಟು ನೆಮ್ಮದಿಯ ವಿಧಾನ ಇನ್ನೊಂದಿಲ್ಲ. ಆಷಾಢದಲ್ಲಿ ಕಥೆಯೇ ಬೇರೆ. ಮೂರನೆಯ ದಿನ ಮುಚ್ಚಳ ತೆಗೆದರೆ ಹೊಟ್ಟೆಯ ಉಂಗುರಗಳ ನಡುವೆ ಬಿಳಿ ಬೂಷ್ಟಿನ ಎಳೆಗಳು ಎದ್ದಿರುತ್ತವೆ. ಓಮದಿಂದ ತೆಗೆಯುವ ಥೈಮಾಲ್ ಹರಳನ್ನೋ ಲವಂಗದ ಎಣ್ಣೆಯ ಎರಡು ಹನಿಯನ್ನೋ ಹಾಕಿದರೆ ಬೂಷ್ಟು ತಡವಾಗುತ್ತದೆ, ನಿಲ್ಲುವುದಿಲ್ಲ. ಮುಚ್ಚಳದಿಂದ ತೊಟ್ಟಿಕ್ಕುವ ಹನಿಯ ಕಾಟವೂ ಇದೆ. ಎಮಿಗ್ರಂಟಿನ ತಿಳಿಹಳದಿ ರೆಕ್ಕೆಯ ಮೇಲೆ ಒಂದು ಹನಿ ಬಿದ್ದರೆ ಆ ಕಲೆ ಮತ್ತೆ ಹೋಗದು. ಮುಚ್ಚಳದ ಒಳಗೆ ವೃತ್ತಪತ್ರಿಕೆಯ ತುಂಡು ಅಂಟಿಸಿದರೆ ಇಷ್ಟನ್ನು ತಪ್ಪಿಸಬಹುದು.

ಬಿಸಿನೀರಿನ ಕೆಲಸ ಹತ್ತು ನಿಮಿಷದ್ದು. ಇನ್ಸುಲಿನ್ ಸಿರಿಂಜಿನಲ್ಲಿ ಕುದಿ ಆಗಷ್ಟೇ ಇಳಿದ ನೀರು ತುಂಬಿ, ಮೊಂಡು ಮೂತಿಯ ಚಿಮುಟದಲ್ಲಿ ಚಿಟ್ಟೆಯನ್ನು ಹಿಡಿದು, ರೆಕ್ಕೆಯ ಬುಡದ ಕೆಳಗಿನಿಂದ ಎದೆಯೊಳಕ್ಕೆ ಸೂಜಿ ಇಳಿಸಬೇಕು. ಹಾರಾಟದ ಸ್ನಾಯುಗಳೆಲ್ಲ ಇರುವುದು ಅಲ್ಲೇ, ಸೆಟೆಯುವುದೂ ಅವೇ. ನೀರು ಹೊರಗೆ ಜಿನುಗುವಷ್ಟು ಒತ್ತಿ ಕೆಲವು ನಿಮಿಷ ಬಿಡಬೇಕು. ಆಮೇಲೆ ಚಿಮುಟದಿಂದ ಎದೆಯನ್ನು ಮೆಲ್ಲಗೆ ಅದುಮಿದರೆ ಮಡಿಸಿದ್ದ ರೆಕ್ಕೆಗಳು ತಾವಾಗಿಯೇ ತುಸು ಬಿಚ್ಚಿಕೊಳ್ಳುತ್ತವೆ. ಮೊದಲ ಸಲ ನೋಡಿದವರು ಬೆಚ್ಚಿಬೀಳುತ್ತಾರೆ. ಬೂಷ್ಟಿಗೆ ಹೊತ್ತೇ ಸಿಗುವುದಿಲ್ಲ, ರೆಕ್ಕೆಗೆ ನೀರೂ ತಾಗುವುದಿಲ್ಲ. ಇದರ ಕುಂದು ಮೀಸೆಯದ್ದು: ಎದೆಗೆ ಹಾಕಿದ ನೀರು ಅಲ್ಲಿಗೆ ತಲುಪದ ಕಾರಣ ಅದು ಕಡ್ಡಿಯಂತೆಯೇ ಉಳಿದು, ಮುಟ್ಟಿದರೆ ಮುರಿಯುತ್ತದೆ. ಚುಚ್ಚುವ ಮೊದಲು ಒಂದು ರಾತ್ರಿ ಮಾತ್ರ ಒದ್ದೆ ಡಬ್ಬಿಯಲ್ಲಿಟ್ಟರೆ ಅದೂ ಬಾಗುತ್ತದೆ, ಬೂಷ್ಟೂ ಹತ್ತುವುದಿಲ್ಲ. ಮಳೆಗಾಲದಲ್ಲಿ ನಾನು ಮಾಡುವುದು ಹೀಗೆಯೇ. ಪ್ಲೇನ್ ಟೈಗರಿನ ಮೈ ತೊಗಲಿನಷ್ಟು ಗಟ್ಟಿ, ಕಲಿಯುವವರು ಅದರಿಂದ ಶುರುಮಾಡಬಹುದು. ಎಮಿಗ್ರಂಟಿಗೆ ಹಗುರ ಕೈ ಬೇಕು.

ರೆಕ್ಕೆ ಹರಡುವ ಹಲಗೆಗೆ ಥರ್ಮೋಕೋಲ್ ಅಗ್ಗ, ಎಲ್ಲ ಕಡೆಯೂ ಸಿಗುತ್ತದೆ. ಆದರೆ ಒಂದೇ ಜಾಗದಲ್ಲಿ ಎರಡು ಮೂರು ಸಲ ಚುಚ್ಚಿದರೆ ಸೂಜಿ ಸಡಿಲವಾಗುತ್ತದೆ. ನಮ್ಮ ಕಡೆಯ ಗುಡಿಗಾರರು ಬಾಸಿಂಗಕ್ಕೆ ಬಳಸುವ ಬೆಂಡು ಇದಕ್ಕಿಂತ ಎಷ್ಟೋ ಮೇಲು. ಸೂಜಿ ಬೆಣ್ಣೆಯೊಳಗೆ ಇಳಿದಂತೆ ಇಳಿದು ಅಲ್ಲೇ ನಿಲ್ಲುತ್ತದೆ. ತೇವ ಹೀರುವುದೊಂದೇ ಬೆಂಡಿನ ದೋಷ. ಹಾಗಾಗಿ ಹಲಗೆಗೆ ಬೆಂಡು, ಪೆಟ್ಟಿಗೆಯ ತಳಕ್ಕೆ ಪಾಲಿಥೀನ್ ಫೋಮ್ ಎಂದು ಹಂಚಿಕೊಂಡಿದ್ದೇನೆ. ಮುಂದಿನ ರೆಕ್ಕೆಯ ಹಿಂಅಂಚು ಮೈಗೆ ಲಂಬವಾಗಿ ನಿಲ್ಲುವಂತೆ ಎಳೆದು, ಮೇಲೆ ಬಟರ್ ಪೇಪರಿನ ಪಟ್ಟಿ ಹಾಯಿಸಿ, ಪಟ್ಟಿಯ ಅಂಚಿಗೆ ಸೂಜಿ ಚುಚ್ಚುವುದು ಎಲ್ಲ ಹಲಗೆಗೂ ಒಂದೇ ಕ್ರಮ. ಒಣಗಲು ಬೇಸಿಗೆಯಲ್ಲಿ ಒಂದು ವಾರ ಸಾಕು. ಮಳೆಯಲ್ಲಿ ಹೊರಗಿಟ್ಟರೆ ತಿಂಗಳಾದರೂ ನಂಬುವಂತಿಲ್ಲ, ಪಟ್ಟಿ ತೆಗೆದ ಮರುದಿನವೇ ರೆಕ್ಕೆ ಜೋಲುತ್ತದೆ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಹಲಗೆಯನ್ನೇ ದೊಡ್ಡ ಡಬ್ಬಿಯಲ್ಲಿ ಮುಚ್ಚಿಡುವುದು ಉತ್ತಮ.

ಮೈಗೆ ಚುಚ್ಚುವ ಸೂಜಿಯ ಬಗ್ಗೆ ಚರ್ಚೆ ಬೇಡ, ಸ್ಟೇನ್‌ಲೆಸ್ ಸ್ಟೀಲ್‌ನದ್ದನ್ನೇ ಕೊಳ್ಳಿ. ಮಾಮೂಲಿ ಗುಂಡುಸೂಜಿ ತುಕ್ಕು ಹಿಡಿಯುತ್ತದೆ. ಹಿತ್ತಾಳೆಯದ್ದಾದರೆ ಚಿಟ್ಟೆಯ ಮೈಯ ಕೊಬ್ಬಿಗೆ ತಾಮ್ರದ ಅಂಶ ಸೇರಿ ಸೂಜಿಯ ಸುತ್ತ ಹಸಿರು ಕಿಲುಬು ಏಳುತ್ತದೆ.

ಒಣಗಿದ ಚಿಟ್ಟೆಯನ್ನು ತಿನ್ನುವ ಹುಳುವಿಗೆ ಎಲ್ಲರೂ ಸೂಚಿಸುವುದು ನುಸಿಗುಳಿಗೆ. ವಾಸನೆಗೆ ಕೀಟ ಹತ್ತಿರ ಬರುವುದು ಕಡಿಮೆಯಾದೀತು, ಒಳಗೆ ಸೇರಿಕೊಂಡ ಮರಿಹುಳುವನ್ನು ಅದು ಕೊಲ್ಲುತ್ತದೆಂದು ನಂಬಬೇಡಿ. ಮೇಲಾಗಿ ಅದರ ಆವಿ ಥರ್ಮೋಕೋಲನ್ನು ತಿನ್ನುತ್ತದೆ, ಗುಳಿಗೆ ಇಟ್ಟ ಕಡೆ ಗುಂಡಿ ಬೀಳುತ್ತದೆ. ಫ್ರೀಜರ್ ಇದಕ್ಕಿಂತ ಖಚಿತ. ಒಣಗಿದ ಚಿಟ್ಟೆಯನ್ನು ಡಬ್ಬಿಗೆ ಹಾಕಿ, ಗಾಳಿಯಾಡದ ಚೀಲದಲ್ಲಿ ಕಟ್ಟಿ, ಸೊನ್ನೆಗಿಂತ 18 ಡಿಗ್ರಿ ಕೆಳಗೆ ಎರಡು ವಾರ ಇಡಬೇಕು. ಹೊರತೆಗೆದ ಮೇಲೆ ತಂಪು ಪೂರ್ತಿ ಇಳಿಯುವವರೆಗೆ ಚೀಲ ಬಿಚ್ಚಬಾರದು, ಬಿಚ್ಚಿದರೆ ರೆಕ್ಕೆಯ ಮೇಲೆ ನೀರು ಕೂರುತ್ತದೆ. ಐಸ್‌ಕ್ರೀಮಿನ ಪಕ್ಕ ಇದೆಂಥದ್ದು ಎಂದು ಮನೆಯವರು ಕೇಳುತ್ತಾರೆ, ಉತ್ತರ ಸಿದ್ಧವಿರಲಿ.

ಸೂಜಿಯ ಗೊಡವೆಯೇ ಬೇಡ ಎನ್ನುವವರಿಗೆ ಅರಳೆ ತುಂಬಿದ ಪೆಟ್ಟಿಗೆಯಿದೆ: ಬಿಡಿಸಿ ಒಣಗಿಸಿದ ಚಿಟ್ಟೆಯನ್ನು ಹತ್ತಿಯ ಮೇಲಿಟ್ಟು ಗಾಜು ಒತ್ತಿ ಮುಚ್ಚಿದರೆ ಆಯಿತು. ಅಲುಗಾಡಿದರೂ ಮುರಿಯದ ಕಾರಣ ಮಕ್ಕಳ ಕೈಗೆ ಕೊಡಲು ಇದೇ ಸೂಕ್ತ. ಹತ್ತಿ ತೇವ ಹಿಡಿದಿಟ್ಟುಕೊಳ್ಳುವುದರಿಂದ ಕರಾವಳಿ, ಮಲೆನಾಡಿಗೆ ಹೇಳಿದ್ದಲ್ಲ. ಧಾರವಾಡದಿಂದಾಚೆ ಇರುವವರು ಧೈರ್ಯವಾಗಿ ಮಾಡಬಹುದು.

ರಾಮನಗರ, ಶಿಡ್ಲಘಟ್ಟದಂಥ ರೇಷ್ಮೆ ಸೀಮೆಯವರಿಗೆ ಇನ್ನೊಂದು ಅನುಕೂಲವಿದೆ. ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗಳಲ್ಲಿ ಕೂಡಿಕೆ ಮುಗಿದ ಗಂಡು ಪತಂಗಗಳನ್ನು ಎಸೆಯುತ್ತಾರೆ. ಅಭ್ಯಾಸಕ್ಕೆ ಅವುಗಳನ್ನೇ ಕೇಳಿ ತರಬಹುದು, ಕಾಯ್ದೆಯ ಭಯವೂ ಇಲ್ಲ. ಆದರೆ ಮೈಯಲ್ಲಿ ಎಣ್ಣೆ ಹೆಚ್ಚಿದ್ದು ಕ್ರಮೇಣ ರೆಕ್ಕೆಗೂ ಹಬ್ಬಬಹುದು. ಪೂರ್ತಿ ಒಣಗಿದ ಪತಂಗವನ್ನು ಒಂದು ರಾತ್ರಿ ಅಸಿಟೋನಿನಲ್ಲಿ ಮುಳುಗಿಸಿಟ್ಟರೆ ಎಣ್ಣೆ ಬಿಡುತ್ತದೆ. ಗಾಜಿನ ಶೀಶೆಯಲ್ಲೇ ಇಡಿ, ಒಲೆಯಿಂದ ದೂರವಿರಲಿ, ಥರ್ಮೋಕೋಲಿನ ಮೇಲಂತೂ ಒಂದು ಹನಿಯೂ ಬೀಳದಿರಲಿ.