ಜೀನ್ ಪರೀಕ್ಷೆ: ವರದಿಗೆ ಎರಡು ಸ್ಟಾರ್, ವಿವರಣೆಗೆ ಐದು

ಅಕ್ಕನ ಮಗನಿಗೆ ಹಿಮೋಗ್ಲೋಬಿನ್ 7ರ ಮೇಲೆ ಏರುತ್ತಲೇ ಇರಲಿಲ್ಲ. ಕಬ್ಬಿಣದ ಮಾತ್ರೆ ನುಂಗಿಸಿದ್ದೇ ನುಂಗಿಸಿದ್ದು. ಕೊನೆಗೆ ನೋಡಿದರೆ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮೊದಲೇ ಜಾಸ್ತಿ ಇತ್ತು! ಹಾಗಾಗಿ ಈ ಲ್ಯಾಬಿಗೆ ಬಂದೆವು. ನಾಲ್ಕು ವಾರ ಅಂದವರು ಏಳು ವಾರ ಕಾಯಿಸಿದರು. ಫೋನ್ ಮಾಡಿದರೆ ಬರೀ ಮ್ಯೂಸಿಕ್ಕು.

ಕೌನ್ಸೆಲರ್ ಮೇಡಂ ಮಾತ್ರ ಬಂಗಾರ. ವರದಿಯ ಕವರಿನ ಹಿಂದೆ ಪೆನ್ನಲ್ಲಿ ಎರಡು ಚಿತ್ರ ಬರೆದರು: ಲಿವರ್, ಮೂಳೆಮಜ್ಜೆ. ಹೀಮ್ ಅಂದರೆ ಹಿಮೋಗ್ಲೋಬಿನ್ನಿನಲ್ಲಿ ಕಬ್ಬಿಣ ಇರುವ ಭಾಗ; ಅದರ ತಯಾರಿಯ ಮೊದಲ ಹೆಜ್ಜೆಯ ಕಿಣ್ವಕ್ಕೆ ಎರಡು ಜೀನ್ ಅಂತೆ. ಅಲಾಸ್1 ಮೈಯೆಲ್ಲ ಇರುತ್ತದೆ, ಲಿವರಿನಲ್ಲಿ ಹೀಮ್ ಸಾಕಾದರೆ ತಾನೇ ತಗ್ಗುತ್ತದೆ. ಅಲಾಸ್2 ಕೆಂಪು ರಕ್ತಕಣವಾಗುವ ಕೋಶಗಳಲ್ಲಿ ಮಾತ್ರ. ಅದಕ್ಕೆ ಗಾಟಾ1 ಎಂಬ ಪ್ರೋಟೀನು ಸ್ವಿಚ್ ಹಾಕಬೇಕು, ಕಬ್ಬಿಣವೂ ಬೇಕು; ಕಬ್ಬಿಣ ಕಮ್ಮಿಯಾದರೆ ಅದರ ಸಂದೇಶ ಒಯ್ಯುವ ಆರ್‌ಎನ್‌ಎ ಮೇಲೆ ಬೀಗ ಬೀಳುತ್ತದೆ. ನಮ್ಮ ಹುಡುಗನ ಎಡವಟ್ಟು ಈ ಎರಡನೆಯದರಲ್ಲಿ. ಅದು ಎಕ್ಸ್ ಕ್ರೋಮೋಸೋಮಿನಲ್ಲಿದೆ, ತಾಯಿಯಿಂದ ಬಂದದ್ದು ಎಂದಾಗ ಅಕ್ಕ ಕಣ್ಣು ತುಂಬಿಕೊಂಡಳು. "ನಿಮ್ಮ ತಪ್ಪೇನಿಲ್ಲಮ್ಮಾ" ಎಂದು ಮೇಡಂ ಎರಡು ಸಲ ಹೇಳಿದರು.

ಡಾಕ್ಟರು ವಿಟಮಿನ್ ಬಿ6 ಮಾತ್ರೆ ಶುರು ಮಾಡಿದ್ದಾರೆ, ಆ ಕಿಣ್ವ ನಡೆಯುವುದೇ ಅದರ ಜೊತೆಗೆ. ಎಲ್ಲರಿಗೂ ಕೆಲಸ ಮಾಡಲ್ಲವಂತೆ. ನಮ್ಮವನು ಮೂರು ತಿಂಗಳಿಗೆ 9.8ಕ್ಕೆ ಬಂದ.

ಪಾರ್ಕಿಂಗ್ ಇಲ್ಲ, ಆಟೋದಲ್ಲೇ ಹೋಗಿ.