12,000 ಪೌಂಡ್‌ನ ಅಗ್ಗದ ವಿಂಚ್ ತರುವ ಮುಂಚೆ ಇಷ್ಟು ನೋಡಿಕೊಳ್ಳಿ

ಮಳೆಗಾಲ ಹತ್ತಿರ ಬಂತೆಂದರೆ ಜೀಪು, ಥಾರ್, ಜಿಮ್ನಿ ಇಟ್ಟುಕೊಂಡವರ ನಡುವೆ ವಿಂಚ್, ಅಂದರೆ ಸಿಕ್ಕಿಕೊಂಡ ಗಾಡಿಯನ್ನು ರೋಪಿನಿಂದ ಎಳೆಯುವ ಮೋಟಾರಿನ ಮಾತು ಶುರುವಾಗುತ್ತದೆ. ಹೆಸರಿರುವ ಕಂಪನಿಯದ್ದು ಲಕ್ಷ ದಾಟುತ್ತದೆ. ಹೆಸರೇ ಕೇಳದ್ದು ಮೂವತ್ತು ಸಾವಿರದೊಳಗೆ ಮನೆಬಾಗಿಲಿಗೆ ಬರುತ್ತದೆ. ಎರಡರ ಪೆಟ್ಟಿಗೆಯ ಮೇಲೂ ಎಳೆಯುವ ಶಕ್ತಿಯದ್ದು ಅಂತ ಒಂದೇ ಥರದ ನಂಬರು: 9,500 ಪೌಂಡ್, 12,000 ಪೌಂಡ್. ನಮ್ಮ ಭಾವನ ಥಾರ್‌ಗೆ ಕೂತಿದ್ದು ಎರಡನೇ ಜಾತಿಯದ್ದು. ಅದು ಎಳೆಯಲಿಲ್ಲ ಅನ್ನುವುದು ನನ್ನ ದೂರಲ್ಲ, ಚೆನ್ನಾಗಿಯೇ ಎಳೆಯಿತು. ಆದರೆ ನಿಲ್ಲಿಸಬೇಕಾದಾಗ ನಿಲ್ಲಲಿಲ್ಲ, ಹಿಡಿದುಕೊಳ್ಳಬೇಕಾದಾಗ ಹಿಡಿಯಲಿಲ್ಲ. ತೋಟದ ಮೇಸ್ತ್ರಿಯ ಎರಡು ಬೆರಳು ಮುರಿದವು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಸಕಲೇಶಪುರದ ಕಡೆಯ ತೋಟ. ಪುಷ್ಯ ಮಳೆ ಹಿಡಿದುಕೊಂಡಿತ್ತು. ಸೌದೆ ತುಂಬಿಕೊಂಡು ಬರುತ್ತಿದ್ದ ಪಿಕಪ್ ಏರಿನಲ್ಲಿ ಜಾರಿ, ಎಡಗಡೆಯ ಎರಡೂ ಚಕ್ರ ಚರಂಡಿಗೆ ಇಳಿದಿದ್ದವು. ಮೇಲೆ ಸ್ವಲ್ಪ ಸಮತಟ್ಟಾದ ಕಡೆ ಥಾರ್ ನಿಲ್ಲಿಸಿ, ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ರೋಪ್ ಇಳಿಸಿ ಎಳೆದೆವು. ರೋಪಿನ ಮೇಲೆ ಒದ್ದೆ ಗೋಣಿಚೀಲ ಹಾಕಿತ್ತು, ಜನರನ್ನೆಲ್ಲ ದೂರ ನಿಲ್ಲಿಸಿತ್ತು. ಪಿಕಪ್ ಸಲೀಸಾಗಿ ಚರಂಡಿ ಬಿಟ್ಟು ದಾರಿಗೆ ಬಂತು. ಭಾವ ರಿಮೋಟಿನ ಗುಂಡಿ ಬಿಟ್ಟರು. ಮೋಟಾರ್ ತಿರುಗುತ್ತಲೇ ಇತ್ತು.

ಗುಂಡಿ ಸಿಕ್ಕಿಕೊಂಡಿರಬೇಕು ಅಂತ ರಿಮೋಟಿನ ವೈರನ್ನೇ ಸಾಕೆಟ್ಟಿನಿಂದ ಕಿತ್ತರು. ಆಗಲೂ ನಿಲ್ಲಲಿಲ್ಲ. ಪಿಕಪ್ ಡ್ರೈವರ್ ಗಾಬರಿಯಲ್ಲಿ ಬ್ರೇಕ್ ಒತ್ತಿ ಹಿಡಿದ. ಈಗ ವಿಂಚ್ ಬ್ರೇಕ್ ಹಾಕಿದ ಗಾಡಿಯನ್ನು ಎಳೆಯುತ್ತಿದೆ, ರೋಪ್ ಬಿಗಿದು ಕಿರುಗುಟ್ಟುತ್ತಿದೆ, ಥಾರಿನ ಮುಂದಿನ ಚಕ್ರ ಕಲ್ಲಿನ ಸಮೇತ ಕೆಸರಿನಲ್ಲಿ ಜಾರತೊಡಗಿತು. ಬಾನೆಟ್ ಎತ್ತಿ, ಸ್ಪ್ಯಾನರ್ ಹುಡುಕಿ, ಬ್ಯಾಟರಿಯ ಟರ್ಮಿನಲ್ ಸಡಿಲಿಸಿ ಕಿತ್ತಾಗ ಕಿಡಿ ಹಾರಿತು. ಅಷ್ಟು ಹೊತ್ತಿಗೆ ಮೋಟಾರಿನಿಂದ ಹೊಗೆ ಬರುತ್ತಿತ್ತು.

ನಿಂತಿತಲ್ಲ ಅಂತ ಎಲ್ಲರೂ ಉಸಿರು ಬಿಟ್ಟರು. ಕರೆಂಟ್ ಹೋದರೂ ಭಾರ ಹಿಡಿದುಕೊಳ್ಳುವುದಕ್ಕೇ ವಿಂಚಿನೊಳಗೆ ಬ್ರೇಕ್ ಇರುವುದು. ಹಿಡಿದುಕೊಂಡಿದೆ ಅಂತಲೇ ಮೇಸ್ತ್ರಿ ಪಿಕಪ್ಪಿನ ಹಿಂದಿನ ಚಕ್ರಕ್ಕೆ ಕಲ್ಲು ಕೊಡಲು ಬಗ್ಗಿದರು, ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದು ಕಾಲು ತೆಗೆದ. ರೋಪ್ ಸುತ್ತಿಕೊಳ್ಳುವ ಡ್ರಮ್ ಸದ್ದಿಲ್ಲದೆ ಹಿಮ್ಮುಖ ತಿರುಗಿತು. ಹ್ಯಾಂಡ್‌ಬ್ರೇಕ್ ಆ ಏರಿನಲ್ಲಿ ತುಂಬಿದ ಗಾಡಿಯನ್ನು ತಡೆಯಲಿಲ್ಲ. ಟೈರು ಮತ್ತು ಕಲ್ಲಿನ ನಡುವೆ ಅವರ ಕೈ ಸಿಕ್ಕಿತು.

ಬೆರಳು ಕೂಡಿಕೊಂಡಿವೆ, ಆದರೆ ಪೂರ್ತಿ ಮಡಚಲು ಆಗುವುದಿಲ್ಲ. ಮರಗಸಿ ಮಾಡುವ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರುವ ಕೈ ಅದು.

ಆಮೇಲೆ ಆ ವಿಂಚನ್ನು ಬಿಚ್ಚಿ ನೋಡಲೇಬೇಕು ಅನ್ನಿಸಿತು. ಪರಿಚಯದ ಗ್ಯಾರೇಜಿನಲ್ಲಿ ಬೆಂಚಿನ ಮೇಲೆ ಇಟ್ಟು ಒಂದೊಂದೇ ಭಾಗ ತೆಗೆದೆವು. ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇವುಗಳಲ್ಲಿ ಅರ್ಧದಷ್ಟನ್ನು ಕೊಳ್ಳುವ ಮೊದಲೇ ಯಾರಾದರೂ ಪರೀಕ್ಷಿಸಬಹುದು.

ಮೊದಲು ಕಾಂಟ್ಯಾಕ್ಟರ್, ಅಂದರೆ ಮೋಟಾರಿಗೆ ಕರೆಂಟ್ ಕೊಡುವ, ಕಡಿಯುವ ಸ್ವಿಚ್ಚಿನ ಪೆಟ್ಟಿಗೆ. ರಿಮೋಟಿನ ಗುಂಡಿಯಲ್ಲಿ ಹರಿಯುವುದು ಸಣ್ಣ ಕರೆಂಟ್. ಅದು ಈ ಪೆಟ್ಟಿಗೆಯೊಳಗೆ ಒಂದು ತಾಮ್ರದ ಬಿಲ್ಲೆಯನ್ನು ಎಳೆದು ಎರಡು ದಪ್ಪ ಬೋಲ್ಟ್‌ಗಳ ನಡುವೆ ಕೂರಿಸುತ್ತದೆ, ಮೋಟಾರಿನ ದೊಡ್ಡ ಕರೆಂಟ್ ಹರಿಯುವುದು ಅದರ ಮೂಲಕ. 9,500 ಪೌಂಡ್‌ನ ವಿಂಚ್ ಪೂರ್ತಿ ಭಾರದಲ್ಲಿ 400 ಆಂಪಿಯರ್ ಆಸುಪಾಸು ಎಳೆಯುತ್ತದೆ. ಈ ಪೆಟ್ಟಿಗೆಯಲ್ಲಿದ್ದ ಬಿಲ್ಲೆ ತಾಮ್ರದ ಲೇಪನ ಕೊಟ್ಟ ತೆಳ್ಳನೆ ತಗಡು. ಬಿಸಿಗೆ ಕರಗಿ ಬೋಲ್ಟಿಗೆ ವೆಲ್ಡ್ ಆಗಿ ಕೂತಿತ್ತು, ಸ್ಕ್ರೂಡ್ರೈವರ್ ಇಟ್ಟು ಸುತ್ತಿಗೆಯಿಂದ ಹೊಡೆದ ಮೇಲೆ ಬಿಟ್ಟಿತು. ರಿಮೋಟ್ ಕಿತ್ತರೂ ನಿಲ್ಲದಿರಲು ಇದೇ ಕಾರಣ. ಯಾವ ವಿಂಚ್ ಹಾಕಿಸಿದರೂ, ಎಷ್ಟೇ ದುಬಾರಿಯದ್ದಾದರೂ, ಬ್ಯಾಟರಿ ಮತ್ತು ವಿಂಚಿನ ನಡುವೆ ಕೈಯಿಂದ ತಿರುಗಿಸಿ ಕರೆಂಟ್ ಕಡಿಯುವ ದಪ್ಪನೆಯ ಐಸೊಲೇಟರ್ ಸ್ವಿಚ್ ಇರಲೇಬೇಕು. ಬಾನೆಟ್ ಎತ್ತದೆ ಕೈಗೆ ಸಿಗುವ ಜಾಗದಲ್ಲಿರಬೇಕು, ವಿಂಚ್ ಎಳೆಯುವಷ್ಟು ಕರೆಂಟನ್ನು ತಡೆದುಕೊಳ್ಳುವ ರೇಟಿಂಗಿನದ್ದಾಗಿರಬೇಕು. ಫಿಟ್ ಮಾಡುವವರು "ಅದೆಲ್ಲ ಬೇಡ ಸಾರ್" ಅಂದರೆ ಬೇರೆ ಫಿಟ್ಟರ್ ಹತ್ತಿರ ಹೋಗಿ.

ಎರಡನೆಯದು ಬ್ರೇಕ್. ಅಗ್ಗದ ವಿಂಚ್‌ಗಳಲ್ಲಿ ಹೆಚ್ಚಿನವಕ್ಕೆ ಇದು ಡ್ರಮ್ಮಿನ ಒಳಗೇ ಇರುತ್ತದೆ, ಹೊರಗಿನಿಂದ ಕಾಣುವುದಿಲ್ಲ. ನಾವು ತೆಗೆದಾಗ ಗೇರಿನ ಗ್ರೀಸ್ ಬಿಸಿಗೆ ನೀರಾಗಿ ಹರಿದು ಬ್ರೇಕಿನ ಲೈನಿಂಗ್‌ಗೆ ಮೆತ್ತಿಕೊಂಡಿತ್ತು. ಲೈನಿಂಗ್ ಒಂದು ಕಡೆ ಅಂಟು ಬಿಟ್ಟು ಎದ್ದಿತ್ತು, ಉಳಿದ ಕಡೆ ಗಾಜಿನಂತೆ ಹೊಳೆಯುತ್ತಿತ್ತು. ಪೌಂಡ್‌ಗಳ ನಂಬರಿನಲ್ಲಿ ಈ ಭಾಗದ ಲೆಕ್ಕವೇ ಇಲ್ಲ. ಪೆಟ್ಟಿಗೆ ಹೇಳುವುದು ಎಳೆಯುವ ಶಕ್ತಿಯನ್ನು, ಹಿಡಿಯುವ ಶಕ್ತಿಯನ್ನಲ್ಲ.

ಬ್ರೇಕನ್ನು ಮನೆಯ ಹತ್ತಿರವೇ ಪರೀಕ್ಷಿಸಬಹುದು. ಸಾಧಾರಣ ಇಳಿಜಾರಿನಲ್ಲಿ ಮೇಲೊಂದು ಗಟ್ಟಿ ಮರಕ್ಕೆ ಅಗಲ ಪಟ್ಟಿ ಸುತ್ತಿ, ವಿಂಚಿನಿಂದ ಗಾಡಿಯನ್ನು ಸ್ವಲ್ಪ ಮೇಲಕ್ಕೆ ಎಳೆದು ನಿಲ್ಲಿಸಿ. ಒಬ್ಬರು ಡ್ರೈವರ್ ಸೀಟಿನಲ್ಲಿ ಬ್ರೇಕ್ ಪೆಡಲ್ ಮೇಲೆ ಕಾಲಿಟ್ಟುಕೊಂಡು ಕೂತಿರಲಿ, ಗಾಡಿಯ ಹಿಂದೆ ಯಾರೂ ಇರಬಾರದು. ಡ್ರಮ್ಮಿನ ಅಂಚಿಗೂ ಪಕ್ಕದ ಚೌಕಟ್ಟಿಗೂ ಸೇರಿಸಿ ಸೀಮೆಸುಣ್ಣದಿಂದ ಗೆರೆ ಎಳೆದು ದೂರ ಬನ್ನಿ, ಗಾಡಿ ನ್ಯೂಟ್ರಲ್‌ಗೆ ಬರಲಿ, ಆಮೇಲೆ ಡ್ರೈವರ್ ಪೆಡಲ್ ನಿಧಾನವಾಗಿ ಸಡಿಲಿಸಲಿ. ಶುರುವಿನಲ್ಲಿ ಬೆರಳಗಲ ಹಿಂದೆ ಬಂದು ಗಟ್ಟಿಯಾಗಿ ನಿಂತರೆ ಸರಿ. ಗೆರೆ ನಿಧಾನವಾಗಿ ಸರಿಯುತ್ತಲೇ ಇದ್ದರೆ ಆ ವಿಂಚನ್ನು ಅದೇ ದಿನ ವಾಪಸ್ ಕಳಿಸಿ.

ಮೂರನೆಯದು ರೋಪ್, ನನಗೆ ಎಲ್ಲಕ್ಕಿಂತ ಸಿಟ್ಟು ಬಂದದ್ದು ಇಲ್ಲೇ. ಪೆಟ್ಟಿಗೆಯ ಮೇಲೆ 12,000 ಪೌಂಡ್. ವರ್ನಿಯರ್ ಇಟ್ಟು ನೋಡಿದರೆ ಉಕ್ಕಿನ ರೋಪ್ ಸರಿಯಾಗಿ 8 ಮಿಲಿಮೀಟರ್ ಕೂಡ ಇಲ್ಲ. ಒಳ್ಳೆಯ ಗುಣಮಟ್ಟದ 5/16 ಇಂಚಿನ, ಅಂದರೆ ಸುಮಾರು 8 ಮಿಲಿಮೀಟರಿನ ವೈರ್ ರೋಪ್ ಹರಿಯುವ ಭಾರವೇ 9,800 ಪೌಂಡ್. 12,000ದ ವಿಂಚಿಗೆ ಬೇಕಾದದ್ದು 3/8 ಇಂಚಿನದ್ದು, 9.5 ಮಿಲಿಮೀಟರ್, ಅದು ಹರಿಯುವುದು 14,400ಕ್ಕೆ. ಪೆಟ್ಟಿಗೆ ಹೇಳಿದಷ್ಟು ಆ ಮೋಟಾರ್ ನಿಜವಾಗಿ ಎಳೆದಿದ್ದರೆ ಮೊದಲು ಹರಿಯುತ್ತಿದ್ದದ್ದು ರೋಪು. ಹರಿದ ಉಕ್ಕಿನ ರೋಪ್ ಎಷ್ಟು ವೇಗದಲ್ಲಿ ಬೀಸಿ ಹೊಡೆಯುತ್ತದೆ ಅನ್ನುವುದು ಮರ ಎಳೆಸಿದವರಿಗೆಲ್ಲ ಗೊತ್ತು. ಹಾಗಾಗಿ ಜಾಹೀರಾತಿನಲ್ಲಿ ರೋಪಿನ ದಪ್ಪ ಬರೆದಿಲ್ಲದಿದ್ದರೆ ಮುಂದೆ ಓದುವ ಅಗತ್ಯವೇ ಇಲ್ಲ.

ಅಗ್ಗದ ವಿಂಚಿಗೆ ಸಿಂಥೆಟಿಕ್ ರೋಪ್ ಹಾಕಿಸಿದರೆ ಅಪಾಯ ಕಡಿಮೆ ಅನ್ನುವವರಿದ್ದಾರೆ. ಅದು ಹಗುರ ಹೌದು, ಹರಿದಾಗ ಉಕ್ಕಿನಷ್ಟು ಬೀಸುವುದಿಲ್ಲ ಎನ್ನುವುದೂ ನಿಜ. ಆದರೆ ಬ್ರೇಕ್ ಡ್ರಮ್ಮಿನ ಒಳಗಿದ್ದರೆ, ಭಾರ ಇದ್ದಾಗಲೇ ರೋಪ್ ಹೊರಬಿಟ್ಟಾಗ ಡ್ರಮ್ ಕೈ ಇಡಲಾಗದಷ್ಟು ಕಾಯುತ್ತದೆ. ಈ ರೋಪಿನಲ್ಲಿರುವ ಡೈನೀಮಾ ಜಾತಿಯ ನಾರು 70 ಡಿಗ್ರಿ ಸೆಲ್ಸಿಯಸ್ ಹತ್ತಿರದಿಂದಲೇ ಬಲ ಕಳೆದುಕೊಳ್ಳುತ್ತದೆ, 150ರ ಆಸುಪಾಸಿನಲ್ಲಿ ಕರಗಿಯೇ ಹೋಗುತ್ತದೆ. ಉಕ್ಕಿನ ರೋಪ್ ಓಡಾಡಿ ಗೀರು ಬಿದ್ದ ಹಳೆಯ ರೋಲರ್ ಕೂಡ ಅದನ್ನು ಕೊಯ್ಯುತ್ತದೆ. ಹಾಕುವುದಾದರೆ ರೋಲರಿನ ಬದಲು ರೋಪ್ ಹೊರಬರುವ ನುಣುಪಾದ ಅಲ್ಯೂಮಿನಿಯಂ ಬಾಯಿಯನ್ನೂ ಜೊತೆಗೇ ಹಾಕಿಸಿ.

ಇನ್ನು ಉಳಿದದ್ದು. ಸೀರೀಸ್ ವೂಂಡ್, ಅಂದರೆ ಅಯಸ್ಕಾಂತದ ಬದಲು ತಂತಿಯ ಸುರುಳಿ ಇರುವ ಮೋಟಾರ್ ಅಂತ ಹೇಳಿ ಮಾರಿದ್ದು ಒಳಗೆ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರ್ ಆಗಿತ್ತು. ಅದು ಕರೆಂಟ್ ಕಮ್ಮಿ ಎಳೆಯುತ್ತದೆ, ಸಣ್ಣಪುಟ್ಟ ಕೆಲಸಕ್ಕೆ ಸಾಕು, ಆದರೆ ಕೆಸರಿನಲ್ಲಿ ಹೂತ ಗಾಡಿಯನ್ನು ಎಳೆಯುತ್ತ ಹೋದರೆ ಬೇಗ ಕಾದು ಸುಡುತ್ತದೆ. ಗುರುತು ಸುಲಭ. ಅರ್ತಿಂಗ್ ಬಿಟ್ಟು ಮೋಟಾರಿಗೆ ಮೂರು ದಪ್ಪ ಬೋಲ್ಟ್‌ಗಳಿಗೆ ಕೇಬಲ್ ಹೋಗಿದ್ದರೆ ಸೀರೀಸ್, ಎಲ್ಲ ಸೇರಿ ಎರಡೇ ಇದ್ದರೆ ಮ್ಯಾಗ್ನೆಟ್. ಕೆಂಪು ಕೇಬಲ್ ನೋಡಲು ಹೆಬ್ಬೆರಳು ದಪ್ಪ, ಆದರೆ ಅದರಲ್ಲಿ ಬಹುಪಾಲು ರಬ್ಬರು. ಒಳಗಿನ ಎಳೆಯನ್ನು ಬ್ಲೇಡಿನಿಂದ ಕೆರೆದರೆ ತಾಮ್ರದ ಬಣ್ಣದ ಕೆಳಗೆ ಬೆಳ್ಳಗೆ ಅಲ್ಯೂಮಿನಿಯಂ. ಚೌಕಟ್ಟಿಗೆ ಬಿಗಿಯುವ ನಾಲ್ಕು ಬೋಲ್ಟ್‌ಗಳ ತಲೆಯ ಮೇಲೆ ಅವುಗಳ ಬಲದ ದರ್ಜೆ ಹೇಳುವ 8.8 ಅಂತ ಅಚ್ಚು ಇರಬೇಕು. ಇವುಗಳ ಮೇಲೆ ಏನೂ ಇರಲಿಲ್ಲ. ಹುಕ್ಕಿನ ಮೇಲೂ ಇಷ್ಟು ಟನ್ ಎನ್ನುವ ಗುರುತಿರಲಿಲ್ಲ.

ಹಾಗಾದರೆ ಕಡಿಮೆ ದುಡ್ಡಿನವರು ಏನು ಮಾಡಬೇಕು? ದೊಡ್ಡ ನಂಬರಿನ ಸುಳ್ಳಿಗಿಂತ ಸಣ್ಣ ನಂಬರಿನ ನಿಜ ತನ್ನಿ ಅನ್ನುತ್ತೇನೆ. ಲೆಕ್ಕ ಹೀಗೆ. ಜನ, ಸಾಮಾನು ಸೇರಿ ಗಾಡಿಯ ಒಟ್ಟು ತೂಕದ ಒಂದೂವರೆ ಪಟ್ಟು ಸಾಕು ಅನ್ನುವುದು ವಿಂಚ್ ಬಳಸುವವರೆಲ್ಲ ಒಪ್ಪುವ ಅಂದಾಜು. ಥಾರ್ ತುಂಬಿದರೆ ಎರಡು ಟನ್ ದಾಟುತ್ತದೆ, 2.2 ಅಂತಲೇ ಹಿಡಿಯಿರಿ. ಅದರ ಒಂದೂವರೆ ಪಟ್ಟು 3.3 ಟನ್, ಪೌಂಡಿನಲ್ಲಿ ಸುಮಾರು 7,300. ಅಂದರೆ ಪ್ರಾಮಾಣಿಕವಾದ 9,500 ಸಾಕು, 12,000 ಬೇಕಿಲ್ಲ. ಜಿಪ್ಸಿ, ಜಿಮ್ನಿಗಳಿಗೆ ಅದಕ್ಕಿಂತಲೂ ಚಿಕ್ಕದು ನಡೆಯುತ್ತದೆ.

ಅದೂ ಅಲ್ಲದೆ ಆ ನಂಬರು ಡ್ರಮ್ಮಿನ ಮೇಲೆ ರೋಪಿನ ಮೊದಲ ಸುತ್ತಿನ ಪದರಕ್ಕೆ ಮಾತ್ರ. ಪದರ ಏರಿದ ಹಾಗೆಲ್ಲ ಎಳೆತ ಶೇಕಡಾ ಹತ್ತು-ಹದಿನೈದರಂತೆ ಇಳಿಯುತ್ತದೆ, ನಾಲ್ಕನೇ ಪದರದಲ್ಲಿ ಮೂರನೇ ಎರಡು ಭಾಗ ಉಳಿದರೆ ಹೆಚ್ಚು. ಹತ್ತಿರದ ಮರಕ್ಕಿಂತ ದೂರದ ಮರ ಒಳ್ಳೆಯದು ಅನ್ನುವುದು ಇದಕ್ಕೇ, ರೋಪ್ ಹೆಚ್ಚು ಹೊರಬಂದಷ್ಟೂ ಡ್ರಮ್ಮಿನ ಮೇಲೆ ಪದರ ಕಡಿಮೆ. ಇನ್ನೊಂದು ದಾರಿ ಸ್ನ್ಯಾಚ್ ಬ್ಲಾಕ್. ರೋಪನ್ನು ಆ ರಾಟೆಯ ಮೂಲಕ ವಾಪಸ್ ತಂದು ಸ್ವಂತ ಗಾಡಿಗೇ ಕಟ್ಟಿದರೆ ವೇಗ ಅರ್ಧವಾಗುತ್ತದೆ, ಎಳೆತ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಮೋಟಾರಿಗೂ ಕಾಂಟ್ಯಾಕ್ಟರಿಗೂ ಬೀಳುವ ಹೊರೆ ಅರ್ಧಕ್ಕೆ ಇಳಿಯುತ್ತದೆ. ಗುರುತು ಹಾಕಿದ ಒಳ್ಳೆಯ ಸ್ನ್ಯಾಚ್ ಬ್ಲಾಕ್, 4.75 ಟನ್ನಿನ ಎರಡು ಬಿಲ್ಲಿನಾಕಾರದ ಶಾಕಲ್ (ಜೋಡಿಸುವ ಕೊಂಡಿ), ಮರಕ್ಕೆ ಸುತ್ತುವ ಅಗಲ ಪಟ್ಟಿ. ಮಿಕ್ಕ ದುಡ್ಡನ್ನು ಇವಕ್ಕೆ ಹಾಕಿ. ಸಿಲ್ವರ್ ಓಕ್ ಎತ್ತರಕ್ಕೆ ಬೆಳೆದಿರುತ್ತದೆ ಅಂತ ಅದಕ್ಕೇ ಕಟ್ಟಬೇಡಿ, ಮಳೆಗಾಲದಲ್ಲಿ ಬುಡ ಗಟ್ಟಿ ಇರುವ ಹಲಸೋ ಮಾವೋ ನೋಡಿ ಕಟ್ಟಿ.

ವಿಂಚೇ ಬೇಕೆಂದಿಲ್ಲದಿದ್ದರೆ ತೋಟಗಳಲ್ಲಿ ಮರ ಎಳೆಯಲು ಹಿಂದಿನಿಂದ ಬಳಸುವ, ಲಿವರ್ ಹಿಂದೆ ಮುಂದೆ ಆಡಿಸುವ ಟಿರ್ಫರ್ ಥರದ ಯಂತ್ರ ಇದೆ. 1.6 ಟನ್, 3.2 ಟನ್ ಅಳತೆಗಳಲ್ಲಿ ಹಾರ್ಡ್‌ವೇರ್ ಮಾರುಕಟ್ಟೆಗಳಲ್ಲಿ ಸಿಗುತ್ತದೆ. ಬೆವರು ಸುರಿಯುತ್ತದೆ, ನಿಧಾನ. ಆದರೆ ಲಿವರ್ ಬಿಟ್ಟರೂ ಒಳಗಿನ ದವಡೆ ರೋಪನ್ನು ಕಚ್ಚಿಕೊಂಡೇ ಇರುತ್ತದೆ, ಭಾರ ಹೆಚ್ಚಿದಷ್ಟೂ ಬಿಗಿಯಾಗಿ ಕಚ್ಚುತ್ತದೆ. ಮಿತಿ ಮೀರಿದರೆ ಲಿವರಿನ ಹತ್ತಿರದ ಸಣ್ಣ ಪಿನ್ ಮುರಿದು ಎಳೆತ ನಿಲ್ಲುತ್ತದೆ, ಭಾರ ಮಾತ್ರ ಇದ್ದಲ್ಲೇ ಇರುತ್ತದೆ. ಬ್ಯಾಟರಿಯೂ ಬೇಡ. ಮುಂದಿನ ಬಂಪರ್ ಕೊಯ್ಯಿಸುವುದೂ ಬೇಡ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಬುಲ್ ಬಾರ್, ಕ್ರ್ಯಾಶ್ ಗಾರ್ಡ್‌ಗಳ ವಿರುದ್ಧ ಕ್ರಮ ಕೈಗೊಳ್ಳಿ ಅಂತ ರಾಜ್ಯಗಳಿಗೆ ಬರೆದ ಮೇಲೆ ವಿಂಚಿನ ಉಕ್ಕಿನ ಬಂಪರ್‌ಗೂ ರಸ್ತೆಯಲ್ಲಿ ಕೇಸು ಬೀಳುವ ಸಾಧ್ಯತೆ ಇದೆ, ಇದನ್ನೂ ಮಾರುವವರು ಹೇಳುವುದಿಲ್ಲ. ಭಾವನ ತೋಟದಲ್ಲಿ ಈಗ ಇರುವುದು ಈ ಕೈಯಂತ್ರವೇ. ಚಕ್ರಕ್ಕೆ ಕಲ್ಲು ಕೊಡುವುದೂ ಈಗ ಉದ್ದನೆಯ ಕೋಲಿನಿಂದ ತಳ್ಳಿ, ಕೈಯಿಂದ ಅಲ್ಲ.

ಮಾರಿದವರ ವಿಷಯ. ಫೋನ್ ಮಾಡಿದಾಗ ಓವರ್‌ಲೋಡ್ ಮಾಡಿದ್ದೀರಿ ಅಂದರು. ಫೋಟೋ ಕಳಿಸಿದ ಮೇಲೆ ಉತ್ತರ ನಿಂತಿತು. ನಮ್ಮ ಹತ್ತಿರ ಇರುವುದು ಜಿಎಸ್‌ಟಿ ನಂಬರಿಲ್ಲದ ಒಂದು ಚೀಟಿ, ದುಡ್ಡು ಕಳಿಸಿದ ಬ್ಯಾಂಕ್ ದಾಖಲೆ, ಜಾಹೀರಾತಿನ ಸ್ಕ್ರೀನ್‌ಶಾಟ್, ಬಿಚ್ಚಿದ ಭಾಗಗಳು. ಭಾವ ಇವನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಸುತ್ತಿದ್ದಾರೆ. 2019ರ ಗ್ರಾಹಕರ ರಕ್ಷಣಾ ಕಾಯ್ದೆಯಲ್ಲಿ ಮಾರಾಟಗಾರ ಎಲ್ಲೇ ಇದ್ದರೂ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕ ಇಲ್ಲ. ನಿಮಗೂ ಹೀಗಾಗಿದ್ದರೆ ವಿಂಚನ್ನು ಗುಜರಿಗೆ ಹಾಕಬೇಡಿ, ಅದೇ ಸಾಕ್ಷಿ.

ಅದೇ ವಿಂಚ್ ಈಗಲೂ ಮಾರಾಟಕ್ಕಿದೆ. ಫೋಟೋ ಅದೇ, ಸ್ಟಿಕ್ಕರಿನ ಮೇಲೆ ಹೆಸರು ಬೇರೆ, ನಂಬರು 13,000ಕ್ಕೆ ಏರಿದೆ. ಗುರುತು ಹೇಳುತ್ತೇನೆ: ಲೋಹದ ಪಟ್ಟಿಯ ಬದಲು ಕಾಗದದ ಸ್ಟಿಕ್ಕರ್, ಸೀರಿಯಲ್ ನಂಬರ್ ಇಲ್ಲ, ವಿವರಗಳಲ್ಲಿ ರೋಪಿನ ದಪ್ಪ ಇಲ್ಲ, ಪದರವಾರು ಎಳೆತದ ಪಟ್ಟಿ ಇಲ್ಲ, ಬಿಡಿಭಾಗ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ಉತ್ತರ ಇಲ್ಲ. ನಿಮ್ಮ ಗಾಡಿಯಲ್ಲಿ ಈಗಾಗಲೇ ಇಂಥದ್ದು ಕೂತಿದ್ದರೆ, ಐಸೊಲೇಟರ್ ಹಾಕಿಸಿ ಸೀಮೆಸುಣ್ಣದ ಪರೀಕ್ಷೆ ಮಾಡುವವರೆಗೆ ಅದರ ಕೇಬಲ್ ಬ್ಯಾಟರಿಯಿಂದ ಕಳಚಿಟ್ಟಿರಿ.